ಕುದುರೆ, ಕ್ಯಾಷಿಯರು ಮತ್ತು ಮಾಯಾಮಾಳವಗೌಳ

ಬಸವನಗುಡಿಯಲ್ಲಿ ನಿವೃತ್ತನಾದವನು ಸುಮ್ಮನೆ ಮನೆಯಲ್ಲಿ ಕೂತರೆ ಅಕ್ಕಪಕ್ಕದವರು ಬಂದು ಆರೋಗ್ಯ ವಿಚಾರಿಸತೊಡಗುತ್ತಾರೆ. ಏನಾದರೊಂದು ಕಲಿಯುತ್ತಿರಬೇಕು ಎಂಬುದು ನಮ್ಮ ಬಡಾವಣೆಯ ಅಲಿಖಿತ ಕಾನೂನು. ಎದುರು ಮನೆಯ ನಿವೃತ್ತ ಇಂಜಿನಿಯರು ಸಂಸ್ಕೃತ ಸಂಭಾಷಣೆಗೆ ಸೇರಿ ಹಾಲಿನ ಹುಡುಗನ ಮೇಲೂ ದ್ವಿವಚನ ಪ್ರಯೋಗಿಸುತ್ತಿದ್ದಾರೆ. ಅವರ ಭಾವಮೈದುನರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಯಾವ ಉಪನ್ಯಾಸವಿದ್ದರೂ ಮುಂದಿನ ಸಾಲಿನಲ್ಲಿರುತ್ತಾರೆ. ಡಿವಿಜಿಯವರು 1945ರಲ್ಲಿ ಆ ಸಂಸ್ಥೆ ಕಟ್ಟಿದ್ದು ಜನರಿಗೆ ತಿಳಿವಳಿಕೆ ಬರಲಿ ಎಂದು. ಇವರು ಹೋಗುವುದು ಮನೆಯ ಟಿವಿ ಸೀರಿಯಲ್ಲುಗಳಿಂದ ತಪ್ಪಿಸಿಕೊಳ್ಳಲು. ಹೇಗೆ ಹೋದರೂ ತಿಳಿವಳಿಕೆ ಬರುತ್ತದೆ ಅನ್ನಿ.

ನನ್ನ ಸರದಿ ಬಂದಾಗ ಹೆಂಡತಿ ಹೆಚ್ಚು ಯೋಚನೆಗೆ ಅವಕಾಶ ಕೊಡದೆ ನನ್ನನ್ನು ಸಂಗೀತಕ್ಕೆ ಸೇರಿಸಿದಳು. ಬ್ಯಾಂಕಿನ ಇಡೀ ಸರ್ವಿಸ್ಸು ‘ನೆಕ್ಸ್ಟ್’ ಎಂಬ ಒಂದೇ ಕೂಗಿನಲ್ಲಿ ಸವೆದ ಗಂಟಲು ನನ್ನದು. ಎನ್.ಆರ್. ಕಾಲೊನಿಯ ಒಂದು ಮಹಡಿಕೋಣೆಯಲ್ಲಿ ಪಾಠ. ಚಾಪೆಯ ಮೇಲೆ ಮೂರನೇ ಕ್ಲಾಸು, ನಾಲ್ಕನೇ ಕ್ಲಾಸಿನ ಮಕ್ಕಳು. ಗೋಡೆಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಂಡಿನೋವಿನ ರಿಯಾಯಿತಿ ಪಡೆದ ನಾನು. ಪಾಠ ಹೇಳುವ ಮೇಡಂಗೆ ನನ್ನ ಮಗಳ ವಯಸ್ಸು. ಮಕ್ಕಳು ತಪ್ಪಿದರೆ “ಏಯ್, ರಿಷಭ ಎಲ್ಲಿಗೆ ಜಾರ್ತಿದೆ ನೋಡು” ಎಂದು ತೊಡೆಯ ಮೇಲೆ ಫಟ್ಟನೆ ತಾಳ ಬಡಿಯುತ್ತಾರೆ. ನಾನು ತಪ್ಪಿದರೆ “ಪರವಾಗಿಲ್ಲ ಸಾರ್, ಚೆನ್ನಾಗಿ ಬರ್ತಿದೆ” ಅನ್ನುತ್ತಾರೆ. ಈ ‘ಪರವಾಗಿಲ್ಲ ಸಾರ್’ ನನ್ನ ಸಂಗೀತಕ್ಕೆ ಎಂಥ ಕಂಟಕ ಎಂಬುದು ನನಗೆ ಗೊತ್ತಾದದ್ದು ತಮ್ಮನ ಮಗಳಿಂದ.

ಅವಳು ಬೆಳ್ಳಂದೂರಿನ ಕಡೆ ಯಾವುದೋ ಕಂಪನಿಯಲ್ಲಿ ಯಂತ್ರಗಳಿಗೆ ಬುದ್ಧಿ ಕಲಿಸುವ ಕೆಲಸದಲ್ಲಿದ್ದಾಳೆ. ನಮ್ಮ ಮನೆಯಲ್ಲೇ ಇದ್ದಾಳೆ. ವಾರದಲ್ಲಿ ಕೆಲವು ದಿನ ಊಟದ ಮೇಜಿನ ಮೇಲೆಯೇ ಆಫೀಸು; ಹುಳಿ ಪಾತ್ರೆ ಒಂದು ಕಡೆ, ಕೃತಕ ಬುದ್ಧಿಮತ್ತೆ ಒಂದು ಕಡೆ. ನನಗೆ ಇಂಥವನ್ನು ಕೇಳುವ ಚಟ ಮೊದಲಿನಿಂದಲೂ ಉಂಟು. ತಪ್ಪು ನನ್ನದಲ್ಲ, ನ್ಯಾಷನಲ್ ಕಾಲೇಜಿನದು. ಎಚ್. ನರಸಿಂಹಯ್ಯನವರು 1962ರಲ್ಲಿ ಅಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿ ಬುಧವಾರ ಸಂಜೆ ಭಾಷಣ ಇಡಿಸಿದರಲ್ಲ, ಅವತ್ತಿನಿಂದ ಈ ಸುತ್ತಮುತ್ತಲ ಗುಮಾಸ್ತರು, ಮೇಷ್ಟರುಗಳು, ಅಂಗಡಿಯವರು ತಮಗೆ ಸಂಬಂಧವೇ ಇಲ್ಲದ ವಿಷಯಗಳ ಬಗ್ಗೆ ಧೈರ್ಯವಾಗಿ ಪ್ರಶ್ನೆ ಕೇಳಲು ಕಲಿತರು. ಗೌರಿಬಿದನೂರಿನ ಕಡೆಯ ಹೊಸೂರಿನಿಂದ ಓದಲೆಂದು ಬೆಂಗಳೂರಿಗೆ ನಡೆದೇ ಬಂದ ಹುಡುಗ ಅವರು. ಅಮೆರಿಕದ ಓಹಾಯೋದಲ್ಲಿ ಪರಮಾಣು ಭೌತಶಾಸ್ತ್ರದ ಡಾಕ್ಟರೇಟು ಮಾಡಿ ಬಂದಮೇಲೂ ಹಾಸ್ಟೆಲಿನ ಒಂದು ಕೋಣೆಯಲ್ಲೇ ಬದುಕು ಕಳೆದರು. ಅಂಥವರ ನೆರಳಿನಲ್ಲಿ ಬೆಳೆದ ನಾನು ಒಬ್ಬ ಹುಡುಗಿಯ ಲ್ಯಾಪ್‌ಟಾಪಿಗೆ ಹೆದರುವುದುಂಟೇ?

“ಯಂತ್ರ ಹೇಗಮ್ಮಾ ಕಲಿಯುತ್ತೆ?” ಅಂದೆ.

“ತುಂಬಾ ಸಿಂಪಲ್ಲು ದೊಡ್ಡಪ್ಪ. ಒಂದು ಊಹೆ ಮಾಡುತ್ತೆ. ಎಷ್ಟು ತಪ್ಪಿದೆ ಅಂತ ಅಳೆಯುತ್ತೆ. ಆ ತಪ್ಪು ಕಮ್ಮಿಯಾಗೋ ಕಡೆಗೆ ಒಂದು ಚೂರು ತಿರುಗಿಕೊಳ್ಳುತ್ತೆ. ಮತ್ತೆ ಊಹೆ.”

“ಅಷ್ಟೇನಾ?”

“ಅಷ್ಟೇ. ಕೋಟಿಗಟ್ಟಲೆ ಸಲ.”

ಯಂತ್ರದ ಒಳಗೆ ಲೆಕ್ಕವಿಲ್ಲದಷ್ಟು ಪುಟ್ಟ ತಿರುಗಣಿಗಳಿವೆಯಂತೆ. ಉತ್ತರ ತಪ್ಪಾದಾಗ ಆ ತಪ್ಪಿನಲ್ಲಿ ಯಾವ ತಿರುಗಣಿಯ ಪಾಲು ಎಷ್ಟು ಎಂದು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿ ಪ್ರತಿಯೊಂದನ್ನೂ ಅಷ್ಟಷ್ಟೇ ತಿರುಗಿಸುತ್ತಾರೆ. ರಮೆಲ್‌ಹಾರ್ಟ್, ಹಿಂಟನ್, ವಿಲಿಯಮ್ಸ್ ಎಂಬ ಮೂವರು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದ ಮೇಲೆ ಈ ವಿಧಾನಕ್ಕೆ ಹೆಸರು ಬಂತು. ಕೇಳಿ ನನಗೆ ಆನಂದವಾಯಿತು. ನಮ್ಮ ಆಡಿಟ್ಟಿನಲ್ಲಿ ಲೆಕ್ಕ ತಪ್ಪಿದರೆ ಪೂರಾ ಪಾಲು ಕೌಂಟರಿನ ಕೊನೆಯ ಗುಮಾಸ್ತನಿಗೇ ಹೋಗುತ್ತಿತ್ತು. ಮ್ಯಾನೇಜರ್ ಎಂಬ ತಿರುಗಣಿ ಅಲ್ಲಾಡಿದ್ದನ್ನು ನಾನಂತೂ ನೋಡಿಲ್ಲ.

“ಹಾಗಾದ್ರೆ ತಪ್ಪು ಎಷ್ಟು ಅಂತ ಯಾರೂ ಹೇಳದೇ ಇದ್ರೆ?”

“ಆಗ ಯಂತ್ರ ಇದ್ದಲ್ಲೇ ಇರುತ್ತೆ ದೊಡ್ಡಪ್ಪ.”

ನನಗೆ ‘ಪರವಾಗಿಲ್ಲ ಸಾರ್’ ನೆನಪಾಯಿತು. ವಯಸ್ಸಿಗೆ ಸಿಗುವ ಮರ್ಯಾದೆ ಅಂದರೆ ಇದೇ. ಅರವತ್ತು ದಾಟಿದ ಮೇಲೆ ಯಾರೂ ನಿಮ್ಮ ತಪ್ಪಿನ ಅಳತೆ ಹೇಳುವುದಿಲ್ಲ. ಪುಣ್ಯಕ್ಕೆ ನನ್ನ ಕುರ್ಚಿಯ ಬುಡದಲ್ಲಿ ಒಬ್ಬಳು ಎರಡು ಜಡೆಯ ಹುಡುಗಿ ಕೂರುತ್ತಾಳೆ. ಅವಳಿಗೆ ಈ ದಾಕ್ಷಿಣ್ಯಗಳೆಲ್ಲ ಇನ್ನೂ ಬಂದಿಲ್ಲ. “ತಾತ, ನೀವು ನಿಷಾದ ಹಾಡ್ಲೇ ಇಲ್ಲ, ಧೈವತದಿಂದ ಸೀದಾ ಷಡ್ಜಕ್ಕೆ ಹಾರಿದ್ರಿ” ಎನ್ನುತ್ತಾಳೆ. ನನ್ನ ಸಂಗೀತದಲ್ಲಿ ಏನಾದರೂ ಪ್ರಗತಿ ಕಂಡರೆ ಅದರ ಅರ್ಧ ಫೀಸು ಅವಳಿಗೆ ಸಲ್ಲಬೇಕು. ಸದ್ಯಕ್ಕೆ ಕಡಲೆಮಿಠಾಯಿಯಲ್ಲಿ ಪಾವತಿ ಮಾಡುತ್ತಿದ್ದೇನೆ.

ಊಹೆಯ ವಿಚಾರ ಬಂತಲ್ಲ, ಚಾಮರಾಜಪೇಟೆಯ ಮಾತು ಹೇಳಿಬಿಡುತ್ತೇನೆ. ಕೋಟೆ ಹೈಸ್ಕೂಲ್ ಮೈದಾನದಲ್ಲಿ ಶ್ರೀರಾಮಸೇವಾ ಮಂಡಳಿಯವರ ರಾಮನವಮಿ ಸಂಗೀತೋತ್ಸವ ನಿಮಗೆ ಗೊತ್ತೇ ಇದೆ, 1939ರಿಂದ ನಡೆದು ಬಂದದ್ದು. ಬಿಸ್ಮಿಲ್ಲಾ ಖಾನರಿಂದ ಹಿಡಿದು ಎಂ.ಎಸ್. ಸುಬ್ಬುಲಕ್ಷ್ಮಿಯವರವರೆಗೆ ಅಲ್ಲಿ ಹಾಡಿ ನುಡಿಸದವರು ಕಡಿಮೆ. ನಾನೂ ನನ್ನ ಸ್ನೇಹಿತರೊಬ್ಬರೂ ಹುಡುಗರಾಗಿದ್ದಾಗಿನಿಂದ ಆ ಚಪ್ಪರದಲ್ಲಿ ಕೂತವರು. ಅದೇ ಕಚೇರಿಗಳು, ಅದೇ ಸೆಖೆ. ಆದರೆ ಅವರು ಗಾಯಕರು ಎರಡು ಸ್ವರ ಎಳೆಯುವುದರೊಳಗೆ ನನ್ನ ಕಿವಿಯಲ್ಲಿ “ಪೂರ್ವಿಕಲ್ಯಾಣಿ” ಅನ್ನುತ್ತಾರೆ. ನಾನು ಇಂದಿಗೂ ಪಕ್ಕದವರ ಕೈಯ ಚೀಟಿ ನೋಡುತ್ತೇನೆ. ಇಬ್ಬರೂ ಕೇಳಿದ್ದು ಒಂದೇ, ಕಲಿತದ್ದು ಹೀಗೇಕೆ ಬೇರೆ ಎಂದು ನಾನು ಇಷ್ಟು ವರ್ಷ ದೈವವನ್ನು ದೂರಿದ್ದೆ. ತಮ್ಮನ ಮಗಳು ಹೇಳಿದ ಮೇಲೆ ತಿಳಿಯಿತು. ಈಗ ಮಾತಾಡುವ ಯಂತ್ರಗಳಿವೆಯಲ್ಲ, ಅವಕ್ಕೆ ಮೊದಲು ಮಾಡಿಸುವ ಕಸರತ್ತು ಒಂದೇ ಒಂದು: ವಾಕ್ಯದ ಮುಂದಿನ ಪದವನ್ನು ಮುಚ್ಚಿಟ್ಟು ಏನಿರಬಹುದು ಊಹಿಸು ಅನ್ನುವುದು, ಆಮೇಲೆ ತೆರೆದು ತೋರಿಸುವುದು. ನನ್ನ ಸ್ನೇಹಿತರು ಚಪ್ಪರದಲ್ಲಿ ಮಾಡುತ್ತಿದ್ದದ್ದು ಇದನ್ನೇ. ರಾಗ ಊಹಿಸುತ್ತಿದ್ದರು, ತಪ್ಪುತ್ತಿದ್ದರು, ಪಲ್ಲವಿ ಬರುತ್ತಲೇ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಕಾಮವರ್ಧಿನಿಯನ್ನು ಮಾಯಾಮಾಳವಗೌಳ ಅಂದು ಹಿಂದಿನ ಸಾಲಿನವರಿಂದ ನಗಿಸಿಕೊಂಡದ್ದೂ ಇದೆ. ನಾನು ಒಮ್ಮೆಯೂ ತಪ್ಪಲಿಲ್ಲ. ಯಾಕೆಂದರೆ ಒಮ್ಮೆಯೂ ಊಹಿಸಲಿಲ್ಲ. ತಲೆಯಾಡಿಸುತ್ತಾ ಪಾನಕ ಕುಡಿದುಕೊಂಡು ಬಂದೆ.

ತಿರುಗಣಿಯನ್ನು ಎಷ್ಟು ತಿರುಗಿಸಬೇಕು ಎಂಬುದೂ ಒಂದು ವಿದ್ಯೆಯಂತೆ. ಜಾಸ್ತಿ ತಿರುಗಿಸಿದರೆ ಯಂತ್ರ ಆ ಕೊನೆಯಿಂದ ಈ ಕೊನೆಗೆ ಹೊಯ್ದಾಡುತ್ತದೆ. ತೀರಾ ಕಡಿಮೆಯಾದರೆ ಯುಗ ಕಳೆದರೂ ಊರು ಸೇರುವುದಿಲ್ಲ. ಮತ್ತೊಂದು, ಸುಲಭದ್ದನ್ನು ಮೊದಲು ಕೊಟ್ಟು ಕಷ್ಟದ್ದನ್ನು ಆಮೇಲೆ ಕೊಟ್ಟರೆ ಯಂತ್ರ ಬೇಗ ಕಲಿಯುತ್ತದೆ ಎಂದು ಯೋಶುವಾ ಬೆಂಜಿಯೊ ಮತ್ತು ಸಂಗಡಿಗರು 2009ರಲ್ಲಿ ಪ್ರಬಂಧ ಮಂಡಿಸಿದರಂತೆ. ಇದನ್ನು ಕೇಳಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಮ್ಮಾ ತಾಯಿ, ಸರಳೆ, ಜಂಟಿ, ಅಲಂಕಾರ, ಆಮೇಲೆ ಪಿಳ್ಳಾರಿ ಗೀತೆ ಅಂತ ಮೆಟ್ಟಿಲು ಕಟ್ಟಿಕೊಟ್ಟ ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ! ಮಾಯಾಮಾಳವಗೌಳವನ್ನೇ ಮೊದಲು ಕಲಿಸಬೇಕೆಂಬ ಪದ್ಧತಿಯೂ ಅವರ ಹೆಸರಿನಲ್ಲೇ ಇದೆ. ಆ ರಾಗದ ಪೂರ್ವಾಂಗ, ಉತ್ತರಾಂಗ ಎರಡೂ ಒಂದೇ ಅಳತೆಯವು. ಕೆಳಗೆ ಸ-ರಿ-ಗ-ಮ ಕೂತಿತೆಂದರೆ ಅದೇ ಅಂತರದಲ್ಲಿ ಮೇಲೆ ಪ-ದ-ನಿ-ಸ ಕೂರುತ್ತದೆ. ಒಂದನ್ನು ಕಲಿತರೆ ಇನ್ನೊಂದು ಅರ್ಧ ಬಂದಂತೆಯೇ. ಪಾಠವನ್ನು ಒಂದನೆಯ ಕಾಲ, ಎರಡನೆಯ ಕಾಲ, ಮೂರನೆಯ ಕಾಲ ಎಂದು ದುಪ್ಪಟ್ಟು ವೇಗದಲ್ಲಿ ಏರಿಸುವ ಹದ ಬೇರೆ. ತಮ್ಮನ ಮಗಳು “ಹೌದಲ್ವಾ!” ಅಂದಳು. ಒಂದು ದಿನದ ಮಟ್ಟಿಗೆ ಮನೆಯಲ್ಲಿ ನನ್ನ ಮಾನ ಏರಿತ್ತು.

ಇಳಿದದ್ದು ಮಲ್ಲೇಶ್ವರದಲ್ಲಿ. ನವರಾತ್ರಿಯಲ್ಲಿ ಹದಿನೈದನೇ ಕ್ರಾಸಿನ ನಮ್ಮ ಸೋದರತ್ತೆಯ ಮಗಳ ಮನೆಗೆ ಗೊಂಬೆ ನೋಡಲು ಹೋಗಿದ್ದೆವು. ಮಕ್ಕಳೆಲ್ಲ ಹಾಡಿ ಚರುಪು ಇಸಿದುಕೊಂಡ ಮೇಲೆ ಯಾರೋ “ಭಾವನವರೂ ಸಂಗೀತಕ್ಕೆ ಹೋಗ್ತಾರಂತೆ” ಎಂದರು. ನಾನು ಹೆಚ್ಚು ಹೇಳಿಸಿಕೊಳ್ಳದೆ ಮಲಹರಿಯ ಮೊದಲ ಗೀತೆ ಎತ್ತಿಕೊಂಡೆ. ಎನ್.ಆರ್. ಕಾಲೊನಿಯಲ್ಲಿ ನಿದ್ದೆಗಣ್ಣಿನಲ್ಲೂ ಹಾಡುವ ಗೀತೆ ಅದು. ಮೊದಲ ಸಾಲು ಬಂತು. ಎರಡನೆಯದಕ್ಕೆ ಹೋಗುವ ಹೊತ್ತಿಗೆ ತಾಳ ಒಂದು ದಾರಿ, ನಾನೊಂದು ದಾರಿ. ನಾನು ನಿಂತೆ, ತಾಳ ಹಾಕುತ್ತಿದ್ದ ಮಕ್ಕಳು ನಿಲ್ಲಲಿಲ್ಲ. ಆ ಮನೆಯವರು ಒಳ್ಳೆಯವರು, ಕೂಡಲೇ ಕಡಲೆಕಾಳು ಉಸಲಿ ತಂದು ಕೈಗಿಟ್ಟರು.

ಬರುವಾಗ ಸಂಪಿಗೆ ರಸ್ತೆಯಲ್ಲಿ ಆಟೋಗೆ ಕಾಯುತ್ತಾ ತಮ್ಮನ ಮಗಳು ಕೇಳಿದಳು. “ದೊಡ್ಡಪ್ಪ, ಹಾಡುವಾಗ ನೀವು ಯಾಕೆ ಪಟ್ಟದ ಗೊಂಬೆ ಮುಖಾನೇ ನೋಡ್ತಿದ್ರಿ?”

ಆಗ ಹೊಳೆಯಿತು. ನಾನು ಹುಡುಕುತ್ತಿದ್ದದ್ದು ನಮ್ಮ ಮೇಡಂ ಅವರ ಹುಬ್ಬನ್ನು. ಪಾಠದಲ್ಲಿ ಸ್ವರ ಏರಬೇಕಾದಲ್ಲಿ ಅವರ ಹುಬ್ಬು ಏರುತ್ತದೆ, ನಿಲ್ಲಬೇಕಾದಲ್ಲಿ ಗಲ್ಲ ಇಳಿಯುತ್ತದೆ. ನಾನು ಕಲಿತದ್ದು ಮಲಹರಿ ಅಲ್ಲವೇ ಅಲ್ಲ, ಮೇಡಂ ಅವರ ಮುಖ. ಪಟ್ಟದ ಗೊಂಬೆಯ ರಾಜನಿಗೂ ಹುಬ್ಬು ಬಿಡಿಸಿದ್ದರು, ಆದರೆ ಅದು ಅಲ್ಲಾಡಲಿಲ್ಲ.

ಅವಳು ಬಿದ್ದು ಬಿದ್ದು ನಕ್ಕು ಬರ್ಲಿನ್ನಿನ ಕುದುರೆಯ ಕಥೆ ಹೇಳಿದಳು. ಫಾನ್ ಓಸ್ಟೆನ್ ಎಂಬ ನಿವೃತ್ತ ಗಣಿತದ ಮೇಷ್ಟರು (ನೋಡಿ, ನಿವೃತ್ತರು ಎಲ್ಲ ಊರಿನಲ್ಲೂ ಹೀಗೆಯೇ) ಹಾನ್ಸ್ ಎಂಬ ಕುದುರೆಗೆ ಲೆಕ್ಕ ಕಲಿಸಿದ್ದರು. ಕೂಡಿಸು ಅಂದರೆ ಗೊರಸಿನಿಂದ ನೆಲ ಕುಟ್ಟಿ ಉತ್ತರ ಹೇಳುತ್ತಿತ್ತು. ಇಡೀ ಜರ್ಮನಿ ಬೆರಗಾಯಿತು. 1907ರಲ್ಲಿ ಆಸ್ಕರ್ ಪ್‌ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ಪರೀಕ್ಷಿಸಿ ನೋಡಿದರೆ, ಪ್ರಶ್ನೆ ಕೇಳಿದವರಿಗೇ ಉತ್ತರ ಗೊತ್ತಿಲ್ಲದಿದ್ದಾಗ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದಾಗ ಕೇಳಿದವರ ತಲೆ, ಭುಜ ತಮಗರಿಯದಂತೆ ಕೊಂಚ ಅಲುಗುತ್ತಿತ್ತು. ಹಾನ್ಸ್ ಅದನ್ನು ನೋಡಿ ಕುಟ್ಟುವುದು ನಿಲ್ಲಿಸುತ್ತಿತ್ತು. ಯಂತ್ರಗಳೂ ಹೀಗೆ ಮೋಸ ಮಾಡುತ್ತವಂತೆ. ತೋಳದ ಚಿತ್ರಗಳಲ್ಲೆಲ್ಲ ಹಿಮ ಇದ್ದರೆ, ತೋಳವನ್ನು ಬಿಟ್ಟು ಹಿಮವನ್ನೇ ಕಲಿತುಬಿಡುತ್ತವೆ. 2016ರಲ್ಲಿ ಅಮೆರಿಕದ ಸಂಶೋಧಕರು ಬೇಕೆಂದೇ ಅಂಥ ಒಂದು ಯಂತ್ರ ಮಾಡಿ ತೋರಿಸಿದರು. ಇನ್ನು ಕೆಲವು ಯಂತ್ರಗಳು ಅಭ್ಯಾಸ ಮಾಡಿಸಿದ ಚಿತ್ರಗಳನ್ನೆಲ್ಲ ಸರಿಯಾಗಿ ಗುರುತಿಸಿ, ಹೊಸ ಚಿತ್ರದಲ್ಲಿ ಮುಗ್ಗರಿಸುತ್ತವೆ. ಇದಕ್ಕೆ ಅವರು ಓವರ್‌ಫಿಟ್ಟಿಂಗ್ ಅನ್ನುತ್ತಾರೆ. ನಮ್ಮ ಕಡೆ ಇದನ್ನು ಉರು ಹೊಡೆಯುವುದು ಅನ್ನುತ್ತಿದ್ದರು, ಡಿಸ್ಟಿಂಕ್ಷನ್ ಕೊಡುತ್ತಿದ್ದರು.

ಯಂತ್ರದವರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ. ಪಾಠದ ಒಂದು ಭಾಗವನ್ನು ಮೊದಲೇ ಎತ್ತಿ ಬೀಗ ಹಾಕಿ ಇಡುತ್ತಾರೆ. ಕಲಿಯುವ ಯಂತ್ರಕ್ಕೆ ಅದನ್ನು ತೋರಿಸುವುದೇ ಇಲ್ಲ. ಕೊನೆಗೆ ಅದರ ಮೇಲೆ ಪರೀಕ್ಷೆ. ನಾವು ಇದಕ್ಕೆ ಸರಿಯಾಗಿ ತಿರುಗುಮುರುಗು. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ‘ಪಾಸಿಂಗ್ ಪ್ಯಾಕೇಜ್’ ಎಂದೇ ಕೊಡುತ್ತೇವೆ. ಪರೀಕ್ಷೆಯಲ್ಲಿ ಏನು ಬರುತ್ತದೋ ಅದಷ್ಟನ್ನೇ ಕಲಿ, ಮಿಕ್ಕದ್ದು ನಿನಗೇಕೆ. ಹಾಗೆಂದು ಮಕ್ಕಳನ್ನು ಆಡಿಕೊಳ್ಳಲು ನನಗೆ ಬಾಯಿಲ್ಲ. ಎನ್.ಆರ್. ಕಾಲೊನಿಯ ಕೋಣೆ, ಆ ಚಾಪೆ, ಆ ಹುಬ್ಬು, ಇವೆಲ್ಲ ಸೇರಿ ನನ್ನ ಪಾಸಿಂಗ್ ಪ್ಯಾಕೇಜೇ ಆಗಿತ್ತು.

ಇನ್ನೊಂದು ಉಪಾಯ ಕೇಳಿದಾಗ ಮಾತ್ರ ನನ್ನ ಇಡೀ ಸರ್ವಿಸ್ಸಿನ ಒಗಟು ಬಿಡಿಸಿಕೊಂಡಿತು. ಹಿಂಟನ್ ಅಂದೆನಲ್ಲ, 2024ರಲ್ಲಿ ಜಾನ್ ಹಾಪ್‌ಫೀಲ್ಡ್ ಜೊತೆ ಭೌತಶಾಸ್ತ್ರದ ನೊಬೆಲ್ ಪಡೆದವರು, ಅವರು ಒಮ್ಮೆ ತಮ್ಮ ಬ್ಯಾಂಕಿಗೆ ಹೋದರಂತೆ. ಕೌಂಟರಿನಲ್ಲಿ ಕ್ಯಾಷಿಯರುಗಳು ಬದಲಾಗುತ್ತಲೇ ಇರುತ್ತಾರೆ. ಏಕೆಂದು ಕೇಳಿದರೆ, ಗೊತ್ತಿಲ್ಲ, ನಮ್ಮನ್ನು ಹೀಗೇ ಅಲ್ಲಿಂದಿಲ್ಲಿಗೆ ಹಾಕುತ್ತಿರುತ್ತಾರೆ ಎಂದು ಉತ್ತರ ಬಂತು. ಹಿಂಟನ್ ಯೋಚಿಸಿದರು: ಬ್ಯಾಂಕಿಗೆ ಟೋಪಿ ಹಾಕಬೇಕಾದರೆ ನೌಕರರು ಒಳಗೊಳಗೇ ಸೇರಿಕೊಳ್ಳಬೇಕು, ಒಂದೇ ಕಡೆ ಕೂರಲು ಬಿಡದಿದ್ದರೆ ಸೇರಿಕೊಳ್ಳಲಾಗದು. ಯಂತ್ರದ ತಿರುಗಣಿಗಳನ್ನೂ ಹಾಗೇ ಮಾಡಿದರೆ? ಪ್ರತಿ ಪಾಠಕ್ಕೂ ಯಾವುದಾದರೂ ಕೆಲವನ್ನು ರಜೆಯ ಮೇಲೆ ಕಳಿಸುವುದು, ಉಳಿದವು ಹೇಗೋ ಸಂಭಾಳಿಸಲಿ. ಯಾವುದೂ ಪಕ್ಕದವನ ಹೆಗಲಿಗೆ ಒರಗಿ ನಿದ್ದೆ ಮಾಡುವಂತಿಲ್ಲ. ಡ್ರಾಪ್‌ಔಟ್ ಎಂಬ ಈ ವಿದ್ಯೆಯಿಂದ ಉರು ಹೊಡೆಯುವುದು ಎಷ್ಟೋ ಕಡಿಮೆಯಾಯಿತು.

ಅಂದರೆ ಸ್ವಾಮೀ, ನನ್ನನ್ನು ಸಿಂಧನೂರಿಗೆ ಹಾಕಿದ್ದು ಶಿಕ್ಷೆಯಲ್ಲ, ತಂತ್ರಜ್ಞಾನ! ಆ ಆರ್ಡರು ಕೈಗೆ ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಗಾಂಧಿಬಜಾರಿನ ಹೊರಗೆ ಕನ್ನಡ ನಾಡಿದೆ ಎಂಬುದೇ ನನಗೆ ಪುಸ್ತಕದ ಸಂಗತಿಯಾಗಿತ್ತು. ಮೊದಲ ದಿನ ಕೌಂಟರಿಗೆ ಬಂದ ರೈತರೊಬ್ಬರು “ರೊಕ್ಕ ತುಂಬೂದೈತ್ರಿ ಸಾಹೇಬ್ರ” ಎಂದರು. ನಾನು ಯಾವ ಚೀಲಕ್ಕೆ ಎಂದು ನೋಡುತ್ತಿದ್ದೆ. ಪಕ್ಕದ ಸಹೋದ್ಯೋಗಿ ನಗುತ್ತಾ ಜಮಾ ಮಾಡುವ ಚಲನ್ ಮುಂದೆ ತಳ್ಳಿದರು. ಅಲ್ಲಿಂದ ವಾಪಸು ಬರುವ ಹೊತ್ತಿಗೆ ಖಡಕ್ ರೊಟ್ಟಿ ಮುರಿಯುವುದರಿಂದ ಹಿಡಿದು ಭತ್ತದ ಧಾರಣೆಯವರೆಗೆ ಎಲ್ಲವನ್ನೂ ಅವರ ಮಾತಿನಲ್ಲೇ ಆಡುತ್ತಿದ್ದೆ.

ಮಲ್ಲೇಶ್ವರದ ಆಚೆಗಿರುವ ಐಐಎಸ್‌ಸಿ, ಅಂದರೆ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಈಗ ಯಂತ್ರಗಳಿಗೂ ಇದೇ ವರ್ಗಾವಣೆ ಮಾಡಿಸುತ್ತಿದೆ. ಆರ್ಟ್‌ಪಾರ್ಕ್ ಜೊತೆ ಸೇರಿ, ಗೂಗಲ್ ನೆರವಿನಿಂದ ‘ವಾಣಿ’ ಎಂಬ ಯೋಜನೆ ನಡೆಸುತ್ತಿದ್ದಾರೆ. ದೇಶದ ಜಿಲ್ಲೆ ಜಿಲ್ಲೆಯಿಂದ ಜನರ ಮಾತು ಸಂಗ್ರಹಿಸುವುದು. ಕಾಗದದಲ್ಲಿ ಬರೆದದ್ದನ್ನು ಓದಿಸಿದರೆ ಎಲ್ಲರೂ ಪಠ್ಯಪುಸ್ತಕದ ಮಾತಾಡುತ್ತಾರೆ ಅಲ್ಲವೇ? ಅದಕ್ಕೇ ಒಂದು ಚಿತ್ರ ತೋರಿಸಿ, ಇದರಲ್ಲಿ ಏನು ಕಾಣಿಸುತ್ತದೆ ನಿಮ್ಮ ಮಾತಿನಲ್ಲೇ ಹೇಳಿ ಅನ್ನುತ್ತಾರೆ. ಬೆಂಗಳೂರಿನ ಕನ್ನಡವನ್ನಷ್ಟೇ ಕೇಳಿ ಬೆಳೆದ ಯಂತ್ರ ಕಲಬುರಗಿಗೋ ಕುಂದಾಪುರಕ್ಕೋ ಹೋದರೆ ಅದೂ ಚೀಲ ಹುಡುಕುತ್ತದೆ.

ಇಷ್ಟೆಲ್ಲ ತಿಳಿದ ಮೇಲೆ ನಿತ್ಯ ಜೀವನದಲ್ಲಿ ಅಳವಡಿಸಿಕೊಳ್ಳದಿದ್ದರೆ ಹೇಗೆ? ಯಂತ್ರಗಳಿಗೆ ಇನ್ನೊಂದು ನಿಯಮ ಉಂಟು: ಹೆಚ್ಚು ಸಲ ಗೊತ್ತಿರುವ ಒಳ್ಳೆಯ ದಾರಿಯಲ್ಲೇ ಹೋಗು, ಆಗೊಮ್ಮೆ ಈಗೊಮ್ಮೆ ಕಣ್ಣುಮುಚ್ಚಿ ಬೇರೆ ದಾರಿ ಹಿಡಿ. ನನ್ನ ತಿಂಡಿಯ ದಾರಿ ಒಂದೇ, 1943ರಿಂದ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ಮಸಾಲೆ ದೋಸೆ. ಅದು ಬಿಟ್ಟು ಬೇರೆ ಏನನ್ನಾದರೂ ಪ್ರಯತ್ನಿಸೋಣ ಎಂದು ಮನಸ್ಸು ಗಟ್ಟಿ ಮಾಡಿ ಸರದಿಯಲ್ಲಿ ನಿಂತೆ, ಮಾಣಿ ಬಂದ, ಬಾಯಿ ತಾನಾಗಿ “ಮಸಾಲೆ” ಅಂದಿತು. ಆದರೆ ಆ ಹೋಟೆಲಿನವರು ನನ್ನಂಥವರನ್ನು ಬಲ್ಲವರು. ಶುಕ್ರವಾರ ರಜೆ ಇಟ್ಟಿದ್ದಾರೆ. ಆ ರಜೆಯ ಕೃಪೆಯಿಂದಲೇ ನಾನು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿಗೆ ಹೋದದ್ದು, ಸಾಂಬಾರೇ ಇಲ್ಲದೆ ಬರೀ ಚಟ್ನಿಯಲ್ಲಿ ಇಡ್ಲಿ ತಿನ್ನುವ ಸುಖ ಕಂಡದ್ದು. ಜಾಗ ಬದಲಾದರೂ ಎರಡನೇ ಶುಕ್ರವಾರದಿಂದಲೇ ಅದೂ ರೂಢಿಯಾಗಿಬಿಟ್ಟಿತು ಎಂಬುದು ಬೇರೆ ಮಾತು.

ಯಂತ್ರದಿಂದ ಕಲಿಯಬಾರದ್ದೂ ಇದೆ. ಒಂದು ದಿನ ಫೋನಿನಲ್ಲಿರುವ ಮಾತಿನ ಯಂತ್ರವನ್ನು ‘ಎಂದರೋ ಮಹಾನುಭಾವುಲು’ ಯಾವ ರಾಗ ಎಂದು ಕೇಳಿದೆ. ಕಲ್ಯಾಣಿ ಎಂದು ಹೇಳಿ, ಆ ಕೃತಿಯಲ್ಲಿ ಕಲ್ಯಾಣಿಯ ಸೌಂದರ್ಯ ಹೇಗೆ ಅರಳಿದೆ ಎಂಬುದನ್ನೂ ವಿವರಿಸಿತು. ಅದು ಶ್ರೀರಾಗ ಎಂದು ಎರಡು ಜಡೆಯ ಹುಡುಗಿಗೂ ಗೊತ್ತು. ತಿದ್ದಿದಾಗ ಒಂದಿಷ್ಟೂ ಮುಜುಗರವಿಲ್ಲದೆ, ನೀವು ಹೇಳಿದ್ದು ಸರಿ ಅಂದಿತು. ಈ ಪರಿಯ ಆತ್ಮವಿಶ್ವಾಸವನ್ನು ನಾನು ಹಿಂದೆ ಕಂಡದ್ದು ಎಂ.ಎನ್. ಕೃಷ್ಣರಾವ್ ಪಾರ್ಕಿನ ಕಲ್ಲುಬೆಂಚಿನ ಮೇಲೆ ಮಾತ್ರ. ಅಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಕೂತವರು ಷೇರುಪೇಟೆ, ಸಕ್ಕರೆ ಕಾಯಿಲೆ, ಚೀನಾ ಗಡಿ ಮೂರಕ್ಕೂ ಒಂದೇ ಉಸಿರಿನಲ್ಲಿ ಪರಿಹಾರ ಕೊಡುತ್ತಾರೆ. ಒಂದು ವ್ಯತ್ಯಾಸ ಉಂಟು: ಯಂತ್ರವಾದರೂ ತಿದ್ದಿದರೆ ಒಪ್ಪಿಕೊಳ್ಳುತ್ತದೆ. ಪವಾಡಗಳನ್ನು ಪರೀಕ್ಷಿಸಲೆಂದು 1976ರಲ್ಲಿ ಸಮಿತಿ ಮಾಡಿದ ನರಸಿಂಹಯ್ಯನವರು ಇದ್ದಿದ್ದರೆ ಎರಡಕ್ಕೂ ಒಂದೊಂದು ಸಮಿತಿ ನೇಮಿಸುತ್ತಿದ್ದರು.

ಈಗ ನನ್ನ ಅಭ್ಯಾಸಕ್ರಮ ಬದಲಾಗಿದೆ. ಮೇಡಂಗೆ ಹೇಳಿ ಅವರ ಕಡೆ ಬೆನ್ನು ಮಾಡಿ ಕೂರುತ್ತೇನೆ. ಕುರ್ಚಿಯನ್ನು ತಿರುಗಿಸಿದ ದಿನ ಮಕ್ಕಳು, ತಾತಂಗೆ ಪನಿಷ್ಮೆಂಟು ಎಂದು ಗುಸುಗುಸು ಮಾಡಿದರು. ಬೆನ್ನು ಕಾಣುತ್ತಿರುವುದರಿಂದಲೋ ಏನೋ ಮೇಡಂಗೂ ದಾಕ್ಷಿಣ್ಯ ಕಡಿಮೆಯಾಗಿ, “ಸಾರ್, ರಿಷಭ!” ಎಂದು ಒಮ್ಮೊಮ್ಮೆ ಜೋರಾಗಿಯೇ ಹೇಳುತ್ತಾರೆ. ಇನ್ನು ಬೀಗ ಹಾಕಿಟ್ಟ ಪರೀಕ್ಷೆಯೊಂದು ಉಳಿದಿದೆ. ಅದಕ್ಕೆ ನಾನು ನೋಡಿರದ ಮನೆ, ಕೇಳಿರದ ಶ್ರುತಿ, ಪರಿಚಯವಿಲ್ಲದ ಮುಖಗಳು ಬೇಕು. ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಗೊಂಬೆ ಆರತಿಯೋ, ನಾಮಕರಣವೋ, ಸತ್ಯನಾರಾಯಣ ಪೂಜೆಯೋ ಇದ್ದರೆ ನನ್ನನ್ನು ಕರೆಯಿರಿ. ರಾಜಾಜಿನಗರ, ವಿಜಯನಗರ, ಎಲ್ಲಾದರೂ ಸರಿ; ಬಸವನಗುಡಿಯವರು ದಯವಿಟ್ಟು ಬೇಡ. ಸಂಭಾವನೆ ಏನೂ ಬೇಕಿಲ್ಲ, ಕಾಫಿ ಸಾಕು. ಸದ್ಯಕ್ಕೆ ಬರುವುದು ಮಲಹರಿಯ ಎರಡು ಗೀತೆ ಮಾತ್ರ. ಹಾಡಿ ಮುಗಿಸಿದ ಮೇಲೆ ‘ಪರವಾಗಿಲ್ಲ’ ಎಂದು ಮಾತ್ರ ಯಾರೂ ಅನ್ನಬೇಡಿ.